ಒಮ್ಮೆ ಕಂಡು ಎರಡು ಸಲ ತಪ್ಪಿಸಿಕೊಂಡ ಚುಕ್ಕಿ: ಆಲ್ಫಾ ಸೆಂಟಾರಿಗೆ ಗ್ರಹ ಇದೆಯೇ?

2025ರ ಆಗಸ್ಟ್‌ನಲ್ಲಿ ಚಿತ್ರದುರ್ಗ, ದಾವಣಗೆರೆಯ ಮೊಬೈಲುಗಳಲ್ಲಿ ಒಂದು ಸುದ್ದಿ ಕೈಯಿಂದ ಕೈಗೆ ದಾಟುತ್ತಿತ್ತು. ಸೂರ್ಯನಂಥದೇ ನಕ್ಷತ್ರ, ಅದೂ ನಮ್ಮ ನೆರೆಯಲ್ಲೇ ಇರುವಂಥದ್ದು, ಅದರ ಸುತ್ತ ಜೀವಿಗಳು ಬದುಕಬಹುದಾದ ಇನ್ನೊಂದು ಭೂಮಿ ಸಿಕ್ಕಿದೆಯಂತೆ ಎಂಬ ಸುದ್ದಿ. ಜೊತೆಗೆ ನೀಲಿ ಕೆರೆ, ಹಸಿರು ಗುಡ್ಡಗಳ ಚಿತ್ರ ಬೇರೆ. ಬಿಡಿಸಿದವರಿಗೆ ಮಳೆಗಾಲದ ಜೋಗಿಮಟ್ಟಿಯ ಫೋಟೊ ಸಿಕ್ಕಿತ್ತೋ ಏನೋ. ಆಗಸ್ಟ್ 7ರಂದು ನಾಸಾ ಪ್ರಕಟಿಸಿದ ವಿವರದಲ್ಲಿ ಭೂಮಿಯೂ ಇರಲಿಲ್ಲ, ಗುಡ್ಡವೂ ಇರಲಿಲ್ಲ, ಗ್ರಹ ಸಿಕ್ಕೇಬಿಟ್ಟಿತು ಎಂಬ ಮಾತೂ ಇರಲಿಲ್ಲ. ಇದ್ದದ್ದು ಒಂದು ಚುಕ್ಕಿ, ಅದರ ಹಿಂದೆ ಒಂದಿಷ್ಟು ಅನುಮಾನ. ಆ ಅನುಮಾನದ ಭಾಗವನ್ನು ಬಹುತೇಕ ಸುದ್ದಿಗಳು ಕತ್ತರಿಸಿ ಹಾಕಿದವು. ನನ್ನ ದೃಷ್ಟಿಯಲ್ಲಿ ಅತ್ಯಂತ ಸ್ವಾರಸ್ಯವಿದ್ದದ್ದು ಅದರಲ್ಲಿಯೇ.

ನಡೆದದ್ದು ಇಷ್ಟು. ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ 2024ರ ಆಗಸ್ಟ್‌ನಲ್ಲಿ ಆಲ್ಫಾ ಸೆಂಟಾರಿ ಎ ಎಂಬ ನಕ್ಷತ್ರದ ಮಗ್ಗುಲಲ್ಲಿ ಅದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಮಂಕಾದ ಚುಕ್ಕಿಯೊಂದನ್ನು ಸೆರೆಹಿಡಿಯಿತು. ನಕ್ಷತ್ರದಿಂದ ಅದಕ್ಕಿದ್ದ ಅಂತರ ಭೂಮಿ ಮತ್ತು ಸೂರ್ಯರ ನಡುವಿನ ದೂರದ ಎರಡರಷ್ಟು. ಅದು ಗ್ರಹವೇ ಆಗಿದ್ದರೆ ಹೆಚ್ಚುಕಡಿಮೆ ಶನಿಯಷ್ಟು ತೂಕದ ಅನಿಲಗ್ರಹವಾಗಿರಬೇಕು, ಎರಡು-ಮೂರು ವರ್ಷಕ್ಕೊಮ್ಮೆ ಉದ್ದನೆಯ ಮೊಟ್ಟೆಯಾಕಾರದ ಹಾದಿಯಲ್ಲಿ ನಕ್ಷತ್ರವನ್ನು ಸುತ್ತುತ್ತಿರಬೇಕು ಎಂದು ಲೆಕ್ಕ ಹಾಕಲಾಯಿತು. 2025ರ ಫೆಬ್ರುವರಿಯಲ್ಲಿ ವೆಬ್ ಮತ್ತೆ ನೋಡಿತು, ಚುಕ್ಕಿ ಇಲ್ಲ. ಏಪ್ರಿಲ್‌ನಲ್ಲಿ ಇನ್ನೊಮ್ಮೆ ನೋಡಿತು, ಆಗಲೂ ಇಲ್ಲ. ಚಾರ್ಲ್ಸ್ ಬೈಕ್‌ಮನ್ ಮತ್ತು ಅನಿಕೇತ್ ಸಂಘಿ ಮುಂದಾಳುಗಳಾಗಿ ಬರೆದ ಎರಡು ಪ್ರಬಂಧಗಳು ಈ ಮೂರೂ ವೀಕ್ಷಣೆಗಳನ್ನು ಒಟ್ಟಿಗಿಟ್ಟುಕೊಂಡೇ ಮಾತಾಡುತ್ತವೆ. ಅಲ್ಲಿ ಅದಕ್ಕೆ ಗ್ರಹವೆಂಬ ಪಟ್ಟ ಸಿಕ್ಕಿಲ್ಲ. ಅದು ಇನ್ನೂ ಉಮೇದುವಾರ.

ಈಗ ನಕ್ಷತ್ರದ ವಿಷಯ. ಆಲ್ಫಾ ಸೆಂಟಾರಿ ಎಂದರೆ ಒಂದು ನಕ್ಷತ್ರವಲ್ಲ, ಒಂದು ಕುಟುಂಬ. ಹಿರಿಯಣ್ಣ ಎ ನಿಜಕ್ಕೂ ಸೂರ್ಯನ ಪಡಿಯಚ್ಚು: ಖಗೋಳ ವಿಜ್ಞಾನಿಗಳ ವರ್ಗೀಕರಣದಲ್ಲಿ ಎರಡೂ ಒಂದೇ ಜಿ2 ದರ್ಜೆಯವು. ತೂಕದಲ್ಲಿ ಎ ಸೂರ್ಯನಿಗಿಂತ ಶೇ 8ರಷ್ಟು ಹೆಚ್ಚು, ಬೆಳಕಿನಲ್ಲಿ ಒಂದೂವರೆ ಪಟ್ಟು. ಎರಡನೆಯದು ಬಿ, ತುಸು ಸಣ್ಣದು, ಕಿತ್ತಳೆ ಬಣ್ಣದ್ದು, ಸೂರ್ಯನ ಅರ್ಧದಷ್ಟು ಬೆಳಕಿನದು. ಇವೆರಡೂ ಸುಮಾರು 80 ವರ್ಷಕ್ಕೊಮ್ಮೆ ಪರಸ್ಪರ ಸುತ್ತು ಮುಗಿಸುತ್ತವೆ. ಹಾದಿ ದುಂಡಗಿಲ್ಲ. ಹತ್ತಿರ ಬಂದಾಗ ನಡುವಿನ ಅಂತರ ಭೂಮಿ-ಸೂರ್ಯರ ದೂರದ 11 ಪಟ್ಟು, ಎಂದರೆ ನಮ್ಮಲ್ಲಿ ಶನಿ ಇರುವ ಜಾಗದಿಂದ ಸ್ವಲ್ಪ ಆಚೆ; ದೂರ ಹೋದಾಗ 35 ಪಟ್ಟು ದಾಟಿ ನೆಪ್ಚೂನಿಗಿಂತಲೂ ಆಚೆ. ಹಿಂದಿನ ಬಾರಿ ಅತಿ ಹತ್ತಿರ ಬಂದದ್ದು 1955ರಲ್ಲಿ, ಮುಂದೆ ಬರುವುದು 2035ರಲ್ಲಿ.

ಮೂರನೆಯದು ಪ್ರಾಕ್ಸಿಮಾ. 1915ರಲ್ಲಿ ಜೊಹಾನ್ಸ್‌ಬರ್ಗಿನ ವೀಕ್ಷಣಾಲಯದಲ್ಲಿ ರಾಬರ್ಟ್ ಇನ್ಸ್ ಗುರುತಿಸಿದ ಕೆಂಪು ಕುಬ್ಜ; ಸೂರ್ಯನ ಎಂಟನೇ ಒಂದು ಭಾಗದಷ್ಟು ತೂಕ. ಅಣ್ಣಂದಿರಿಂದ ಎಷ್ಟು ದೂರ ಎಂದರೆ, ಒಂದು ಸುತ್ತು ಬರಲು ಐದು ಲಕ್ಷ ವರ್ಷಕ್ಕೂ ಹೆಚ್ಚು ಬೇಕು. ಹೀಗೆ ದೂರ ಅಲೆಯುತ್ತ ಸದ್ಯ ನಮ್ಮ ಕಡೆಯ ಮಗ್ಗುಲಲ್ಲಿರುವುದರಿಂದ ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರ ಎಂಬ ಬಿರುದು ಅದಕ್ಕೆ: 4.24 ಜ್ಯೋತಿರ್ವರ್ಷ. ಎ ಮತ್ತು ಬಿ ಇರುವುದು ಸುಮಾರು 4.37 ಜ್ಯೋತಿರ್ವರ್ಷ ದೂರದಲ್ಲಿ.

ಬರಿಗಣ್ಣಿಗೆ ಎ ಮತ್ತು ಬಿ ಸೇರಿ ಒಂದೇ ನಕ್ಷತ್ರ. ಅದು ಒಂದಲ್ಲ, ಎರಡು ಎಂಬುದು ಯುರೋಪಿನವರಿಗೆ ಗೊತ್ತಾದದ್ದು ಯುರೋಪಿನಲ್ಲಿ ಅಲ್ಲ, ಪುದುಚೇರಿಯಲ್ಲಿ. 1689ರ ಡಿಸೆಂಬರ್‌ನಲ್ಲಿ ಜಾನ್ ರಿಶೋ ಎಂಬ ಫ್ರೆಂಚ್ ಜೆಸ್ಯೂಟ್ ಪಾದ್ರಿ ಅಲ್ಲಿ ಧೂಮಕೇತುವೊಂದನ್ನು ನೋಡುತ್ತಿದ್ದಾಗ ದೂರದರ್ಶಕದೊಳಗೆ ಈ ನಕ್ಷತ್ರ ಎರಡಾಗಿ ಬಿಡಿಸಿಕೊಂಡಿತು. ಪ್ಯಾರಿಸ್ಸಿನಲ್ಲಿ ಕೂತು ಅದನ್ನು ಕಾಣುವುದು ಸಾಧ್ಯವೇ ಇರಲಿಲ್ಲ. ಅಲ್ಲಿ ಆಲ್ಫಾ ಸೆಂಟಾರಿ ದಿಗಂತದ ಮೇಲೆ ಬರುವುದೇ ಇಲ್ಲ. ಆಕಾಶದಲ್ಲಿ ಅದು ಅಷ್ಟು ದಕ್ಷಿಣಕ್ಕಿದೆ.

ಈ ಅಕ್ಷಾಂಶದ ಲೆಕ್ಕ ನಮ್ಮ ಜಿಲ್ಲೆಗಳವರಿಗೆ ಲಾಭದ್ದು. ದೇಶದ ಅತ್ಯುತ್ತಮ ಕತ್ತಲೆಯ ಆಕಾಶವೆಂದು ಹೆಸರಾದ ಲಡಾಖಿನ ಹಾನ್ಲೆಯಲ್ಲಿ ಎರಡು ಮೀಟರ್ ಕನ್ನಡಿಯ ದೂರದರ್ಶಕವಿದೆ. ಅಲ್ಲಿಂದ ಆಲ್ಫಾ ಸೆಂಟಾರಿ ವರ್ಷದ ಯಾವ ರಾತ್ರಿಯೂ ಹುಟ್ಟುವುದಿಲ್ಲ. ಹೊರಗ್ರಹಗಳನ್ನು, ಎಂದರೆ ಬೇರೆ ನಕ್ಷತ್ರಗಳನ್ನು ಸುತ್ತುವ ಗ್ರಹಗಳನ್ನು ಹುಡುಕುವ ಪಾರಸ್ ಉಪಕರಣಗಳಿರುವ ರಾಜಸ್ಥಾನದ ಅಬು ಪರ್ವತದಲ್ಲಿ ಅದು ನಾಲ್ಕೂವರೆ ಡಿಗ್ರಿಯಷ್ಟು ತಲೆಯೆತ್ತಿ ಮುಳುಗುತ್ತದೆ. ಅಷ್ಟು ಕೆಳಗಿನ ದೂಳು, ಆವಿಯ ಗಾಳಿಯಲ್ಲಿ ಸೂಕ್ಷ್ಮ ಅಳತೆ ಮಾಡಲಾಗದು. ಚಿತ್ರದುರ್ಗದಲ್ಲಿ ಅದು 15 ಡಿಗ್ರಿ ಏರುತ್ತದೆ, ದಾವಣಗೆರೆಯಲ್ಲಿ ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಕೈ ಚಾಚಿ ಮುಷ್ಟಿ ಹಿಡಿದು ಅಳೆದರೆ ದಿಗಂತದಿಂದ ಒಂದೂವರೆ ಮುಷ್ಟಿ. ಮೇ ಕೊನೆಯ ವಾರ ರಾತ್ರಿ ಹತ್ತೂವರೆ-ಹನ್ನೊಂದರ ನಡುವೆ ಅದು ನೇರ ದಕ್ಷಿಣದಲ್ಲಿರುತ್ತದೆ. ಮುಂಗಾರುಪೂರ್ವ ಮೋಡಗಳ ಕಾಟ ಬೇಡವೆನ್ನುವವರು ಫೆಬ್ರುವರಿ ನಡುವಿನ ನಸುಕಿನ ಐದೂವರೆಗೆ ಎದ್ದರಾಯಿತು. ಬಲಗಡೆಗೆ ಬೀಟಾ ಸೆಂಟಾರಿ, ಅದರಾಚೆ ತ್ರಿಶಂಕು. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಬಯಲು ಇದಕ್ಕೆ ಹೇಳಿ ಮಾಡಿಸಿದ ಜಾಗ; ದುರ್ಗದ ಸುತ್ತ ಈಗ ದಿಗಂತದುದ್ದಕ್ಕೂ ಗಾಳಿಯಂತ್ರಗಳ ಕೆಂಪು ದೀಪಗಳು ಮಿಣುಕುತ್ತವೆ, ಅವುಗಳಲ್ಲಿ ಒಂದನ್ನು ನಕ್ಷತ್ರವೆಂದು ಹಿಡಿದು ಕೂರಬಾರದು ಅಷ್ಟೇ. ಶಾಲೆಗಳಲ್ಲಿರುವ ಸಣ್ಣ ದೂರದರ್ಶಕವೂ ಎ ಮತ್ತು ಬಿಯನ್ನು ಬೇರೆ ಮಾಡಿ ತೋರಿಸಬಲ್ಲದು. ಪ್ರಾಕ್ಸಿಮಾ ಮಾತ್ರ ಆ ಅಳವಿಗೆ ಸಿಗುವುದಿಲ್ಲ.

ಒಂದು ಅಡ್ಡಮಾತು: ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನ ಕೆತ್ತುತ್ತಿದ್ದ ಕಾಲಕ್ಕೆ ಇದೇ ನಕ್ಷತ್ರ ಇಲ್ಲಿಂದ ಇನ್ನೂ ಹತ್ತು ಡಿಗ್ರಿಯಷ್ಟು ಮೇಲೆ ಕಾಣುತ್ತಿತ್ತು. ಭೂಮಿಯ ಅಕ್ಷ ನಿಧಾನಕ್ಕೆ ತಿರುಗುವುದರಿಂದ ಅದು ನಮಗೆ ಶತಮಾನ ಶತಮಾನಕ್ಕೂ ತಗ್ಗುತ್ತಿದೆ.

ಇಷ್ಟು ಹತ್ತಿರದ, ಇಷ್ಟು ಪ್ರಕಾಶದ ನಕ್ಷತ್ರ. ಆಚೆ ಸಾವಿರಾರು ಜ್ಯೋತಿರ್ವರ್ಷ ದೂರದ ನಕ್ಷತ್ರಗಳಿಗೂ ಗ್ರಹಗಳು ಸಿಕ್ಕಿವೆ. ನಾಸಾದ ಪಟ್ಟಿಯಲ್ಲಿ ಖಚಿತವಾದ ಹೊರಗ್ರಹಗಳ ಸಂಖ್ಯೆ 2025ರ ಸೆಪ್ಟೆಂಬರ್‌ನಲ್ಲಿ 6,000 ದಾಟಿತು. ಪಕ್ಕದ ಮನೆಯದ್ದೇ ಯಾಕೆ ಗೊತ್ತಾಗಲಿಲ್ಲ? ಈ ಪ್ರಶ್ನೆ ಕೇಳುವವರು ಸರಿಯಾದುದನ್ನೇ ಕೇಳುತ್ತಿದ್ದಾರೆ. ಉತ್ತರದ ಒಂದು ಭಾಗ, ಆ ಆರು ಸಾವಿರದಲ್ಲಿ ಬಹುಪಾಲನ್ನು ಯಾರೂ ಕಂಡಿಲ್ಲ ಎಂಬುದು. ಗ್ರಹ ನಕ್ಷತ್ರದ ಮುಂದೆ ಹಾದುಹೋಗುವಾಗ ಬೆಳಕು ಕೊಂಚ ಕುಗ್ಗುತ್ತದೆ, ಅದನ್ನು ಅಳೆದು ಗ್ರಹವಿದೆ ಎಂದು ತೀರ್ಮಾನಿಸುತ್ತಾರೆ. ಅದಕ್ಕೆ ಗ್ರಹದ ಹಾದಿ ನಮ್ಮ ದೃಷ್ಟಿಗೆ ಅಡ್ಡಬರುವಂತೆ ಇರಬೇಕು. ಇರದಿದ್ದರೆ ಎಷ್ಟು ಹತ್ತಿರದ ನಕ್ಷತ್ರವಾದರೂ ಪ್ರಯೋಜನವಿಲ್ಲ.

ಹಾಗಾಗಿ ನೇರವಾಗಿ ಫೋಟೊ ತೆಗೆಯುವ ಹಟ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಸೂರ್ಯನ ಪಕ್ಕ ಭೂಮಿ ಸುಮಾರು ಸಾವಿರ ಕೋಟಿ ಪಟ್ಟು ಮಂಕು. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಬರುವ ಹೆದ್ದಾರಿಯಲ್ಲಿ ಎದುರು ಲಾರಿಯ ಹೆಡ್‌ಲೈಟ್ ಕಣ್ಣಿಗೆ ಕುಕ್ಕುತ್ತಿರುವಾಗ ಆ ಲಾರಿಯ ಕ್ಲೀನರ್ ಕೈಯಲ್ಲಿರುವ ಬೀಡಿಯ ಕೆಂಡ ಹುಡುಕಿದ ಹಾಗೆ. ವೆಬ್ ಇದಕ್ಕೆ ಹಿಡಿದ ಉಪಾಯ, ಕಣ್ಣಿಗೆ ಕಾಣುವ ಬೆಳಕನ್ನು ಬಿಟ್ಟು ಶಾಖದ ಬೆಳಕನ್ನು, ಅಂದರೆ ಅವಗೆಂಪು ಕಿರಣಗಳನ್ನು ನೋಡುವುದು. ಗ್ರಹ ತಾನು ಬಿಸಿಯಿರುವಷ್ಟು ಶಾಖವನ್ನು ತಾನೇ ಹೊರಸೂಸುತ್ತದೆ. ಆ ಅಲೆಯುದ್ದದಲ್ಲಿ ನಕ್ಷತ್ರಕ್ಕೂ ಗ್ರಹಕ್ಕೂ ನಡುವಿನ ಪ್ರಕಾಶದ ಅಂತರ ಕೋಟಿಗಳಿಂದ ಸಾವಿರಗಳಿಗೆ ಇಳಿಯುತ್ತದೆ. ಅದರ ಮೇಲೆ, ವೆಬ್‌ನ ಮಿರಿ ಎಂಬ ಕ್ಯಾಮೆರಾದೊಳಗೆ ನಕ್ಷತ್ರದ ಬೆಳಕನ್ನು ಅಡಗಿಸುವ ವ್ಯವಸ್ಥೆ ಇದೆ. ನಕ್ಷತ್ರವನ್ನು ಕರಾರುವಾಕ್ಕಾಗಿ ಅದರ ನಡುವೆ ಕೂರಿಸಿದರೆ ಬಹುಪಾಲು ಬೆಳಕು ತೊಲಗುತ್ತದೆ.

ಬಹುಪಾಲು, ಪೂರ್ತಿ ಅಲ್ಲ. ಉಳಿದ ಕಲೆಗಳನ್ನು ತೆಗೆಯಲು ಎಪ್ಸಿಲಾನ್ ಮಸ್ಕೆ ಎಂಬ ಇನ್ನೊಂದು ನಕ್ಷತ್ರವನ್ನು ಅದೇ ಬಗೆಯಲ್ಲಿ ನೋಡಿ, ಅದರ ಚಿತ್ರವನ್ನು ಇದರಿಂದ ಕಳೆದರು. ಇಲ್ಲಿ ಬಿ ಅಡ್ಡಬರುತ್ತದೆ. ಎಯಿಂದ ಎಂಟು ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ನೇ ಒಂದು ಭಾಗ) ಆಸುಪಾಸಿನಲ್ಲಿರುವ ಬಿಯನ್ನು ಆ ವ್ಯವಸ್ಥೆ ಮುಚ್ಚುವುದಿಲ್ಲ. ಅದರ ಬೆಳಕು ನೇರ ಒಳಗೆ ಸುರಿಯುತ್ತದೆ, ಎ ಪಕ್ಕದ ಜಾಗವನ್ನೆಲ್ಲ ತುಂಬುತ್ತದೆ. ಅದನ್ನೂ ಎಪ್ಸಿಲಾನ್ ಮಸ್ಕೆಯನ್ನು ಬಿ ಇದ್ದ ಜಾಗದಲ್ಲಿಟ್ಟು ನೋಡಿ ಬೇರೆಯಾಗಿ ಕಳೆಯಬೇಕಾಯಿತು. ಇಷ್ಟೆಲ್ಲ ಕಳೆದ ಮೇಲೆ, ಎಯಿಂದ ಒಂದೂವರೆ ಆರ್ಕ್‌ಸೆಕೆಂಡ್ ದೂರದಲ್ಲಿ, ಒಂದು ಚುಕ್ಕಿ ಉಳಿಯಿತು. ಅದನ್ನು ಎಸ್1 ಎಂದು ಕರೆದಿದ್ದಾರೆ. ಒಂಟಿ ನಕ್ಷತ್ರವಾಗಿದ್ದರೆ ಅರ್ಧ ತೊಂದರೆ ಇರುತ್ತಿರಲಿಲ್ಲ. ಹಾಗಾಗಿ, ಈ ಕಥೆಯ ಖಳನಾಯಕ ಯಾರೆಂದು ಕೇಳಿದರೆ ನಾನು ಬಿಯತ್ತ ಬೆರಳು ತೋರಿಸುತ್ತೇನೆ.

ಕಳೆಯುತ್ತ ಕಳೆಯುತ್ತ ಉಳಿದ ಚುಕ್ಕಿಯ ಮೇಲೆ ಮೊದಲ ಅನುಮಾನ, ಅದು ಹಿನ್ನೆಲೆಯ ಯಾವುದೋ ನಕ್ಷತ್ರವೋ ಗೆಲಾಕ್ಸಿಯೋ ಇರಬಹುದಲ್ಲ ಎಂಬುದು. ಇಲ್ಲಿಯೇ ಫೆಬ್ರುವರಿ ಮತ್ತು ಏಪ್ರಿಲ್‌ನ ಖಾಲಿ ಚಿತ್ರಗಳು ಉಪಯೋಗಕ್ಕೆ ಬಂದವು. ಆಲ್ಫಾ ಸೆಂಟಾರಿ ಆಕಾಶದಲ್ಲಿ ವರ್ಷಕ್ಕೆ ಮೂರೂವರೆ ಆರ್ಕ್‌ಸೆಕೆಂಡಿಗಿಂತ ಹೆಚ್ಚು ಸರಿಯುತ್ತದೆ, ನಕ್ಷತ್ರಗಳ ಮಟ್ಟಿಗೆ ಅದು ಓಟ. ಹಿನ್ನೆಲೆಯ ವಸ್ತು ಅದರ ಜೊತೆ ಓಡುವುದಿಲ್ಲ, ಇದ್ದಲ್ಲೇ ಇರುತ್ತದೆ. ಆರು ತಿಂಗಳ ನಂತರ ಅದು ಎಲ್ಲಿ ಕಾಣಬೇಕೆಂದು ಮೊದಲೇ ಲೆಕ್ಕ ಹಾಕಬಹುದು. ಆ ಜಾಗದಲ್ಲಿ ಏನೂ ಇರಲಿಲ್ಲ. ಹಿನ್ನೆಲೆಯ ವಸ್ತುವಾಗಿದ್ದರೆ ಮಾಯವಾಗುವಂತಿರಲಿಲ್ಲ.

ಹಾಗಾದರೆ ಗ್ರಹವೇ ಎಲ್ಲಿ ಹೋಯಿತು? ಎರಡು ವರ್ಷಕ್ಕೊಮ್ಮೆ ಸುತ್ತುವ ವಸ್ತು ಆರು ತಿಂಗಳಲ್ಲಿ ಹಾದಿಯ ಕಾಲುಭಾಗ ಸರಿದಿರುತ್ತದೆ. ಹಾದಿ ಉದ್ದನೆಯದಾದರೆ, ನಮಗೆ ಓರೆಯಾಗಿ ಕಂಡರೆ, ಆ ಹೊತ್ತಿಗೆ ಅದು ನಕ್ಷತ್ರದ ಪ್ರಭೆಯೊಳಗೆ ಸೇರಿಕೊಂಡಿರಬಹುದು. ವಿಜ್ಞಾನಿಗಳು ಸಾಧ್ಯವಿರುವ ಹಾದಿಗಳನ್ನು ಕಂಪ್ಯೂಟರಿನಲ್ಲಿ ಲಕ್ಷಗಟ್ಟಲೆ ಓಡಿಸಿ ನೋಡಿದರು. ಅವುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಗ್ರಹ ಆ ಎರಡೂ ದಿನ ವೆಬ್‌ಗೆ ಕಾಣದಷ್ಟು ನಕ್ಷತ್ರದ ಹತ್ತಿರವಿತ್ತು. ಕಾಣದಿದ್ದುದು ಗ್ರಹವಿಲ್ಲವೆಂಬುದಕ್ಕೆ ಸಾಕ್ಷಿ ಆಗಲಿಲ್ಲ. ಗ್ರಹವಿದ್ದರೆ ಅದರ ಹಾದಿ ಯಾವುದಿರಬಹುದು ಎಂಬ ಪಟ್ಟಿಯನ್ನು ಅದು ಅರ್ಧಕ್ಕೆ ಇಳಿಸಿತು. ಇನ್ನೊಂದು ಸುಳಿವೂ ಇದೆ. 2019ರಲ್ಲಿ ಚಿಲಿಯ ವಿಎಲ್‌ಟಿ ದೂರದರ್ಶಕದಿಂದ ಇದೇ ನಕ್ಷತ್ರವನ್ನು ನೂರು ಗಂಟೆಗಳ ಮಟ್ಟಿಗೆ ನೋಡಿದ ತಂಡವೊಂದು 2021ರಲ್ಲಿ ಇಂಥದೇ ಒಂದು ಅನುಮಾನಾಸ್ಪದ ಚುಕ್ಕಿಯನ್ನು ವರದಿ ಮಾಡಿತ್ತು. ಎರಡೂ ಒಂದೇ ವಸ್ತುವಾಗಿರಬಹುದೆಂದು ಇಟ್ಟುಕೊಂಡರೂ ಹೊಂದುವ ಹಾದಿಗಳಿವೆ.

ಅರ್ಧ ಎಂದರೆ ಅರ್ಧ. ಅದೂ ಗ್ರಹವಿದ್ದಿದ್ದರೆ ಕಾಣದೆ ಉಳಿಯುವ ಸಾಧ್ಯತೆ, ಗ್ರಹ ಇರುವ ಸಾಧ್ಯತೆಯಲ್ಲ. ಅದನ್ನು ಗ್ರಹ ಸಿಕ್ಕಿತು ಎಂದು ಬರೆದ ಸಂಪಾದಕರು ಬೆಳೆ ವಿಮೆಯ ಅರ್ಜಿಯಲ್ಲಿ ಇಷ್ಟು ಸಡಿಲ ಪುರಾವೆಯನ್ನು ಒಪ್ಪುತ್ತಿರಲಿಲ್ಲ.

ಈ ನಕ್ಷತ್ರದ ವಿಷಯದಲ್ಲಿ ಎಚ್ಚರ ಹೆಚ್ಚಾಗಿರಲು ಹಳೆಯ ಕಾರಣಗಳಿವೆ. 2012ರ ಅಕ್ಟೋಬರ್‌ನಲ್ಲಿ ಆಲ್ಫಾ ಸೆಂಟಾರಿ ಬಿ ಸುತ್ತ ಭೂಮಿಯಷ್ಟೇ ತೂಕದ ಗ್ರಹವೊಂದು ಪತ್ತೆಯಾಯಿತೆಂದು ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಅದು ಅನಾಮಧೇಯ ಸಂದೇಶವಾಗಿರಲಿಲ್ಲ. ನೇಚರ್ ಪತ್ರಿಕೆಯಲ್ಲಿ, ಚಿಲಿಯ ಲಾ ಸಿಲ್ಲಾದ ಹಾರ್ಪ್ಸ್ ಎಂಬ ಅತ್ಯುತ್ತಮ ಉಪಕರಣದ ಆಧಾರದಲ್ಲಿ ಬಂದ ಪ್ರಬಂಧ. ಅವರ ದಾರಿ ಬೇರೆ. ನಕ್ಷತ್ರ ಗ್ರಹವನ್ನು ಎಳೆದಂತೆ ಗ್ರಹವೂ ನಕ್ಷತ್ರವನ್ನು ತನ್ನ ಕಡೆಗೆ ಎಳೆಯುತ್ತದೆ, ನಕ್ಷತ್ರ ಅಲ್ಪಸ್ವಲ್ಪ ತೂಗಾಡುತ್ತದೆ. ನಮ್ಮ ಕಡೆಗೆ ಬಂದಾಗ ಅದರ ಬೆಳಕು ನೀಲಿಯತ್ತ, ದೂರ ಸರಿದಾಗ ಕೆಂಪಿನತ್ತ ಕೂದಲೆಳೆಯಷ್ಟು ವಾಲುತ್ತದೆ. ಗುರುಗ್ರಹ ಸೂರ್ಯನನ್ನು ಹೀಗೆ ತೂಗುವ ವೇಗ ಸೆಕೆಂಡಿಗೆ 12 ಮೀಟರಿಗೂ ಸ್ವಲ್ಪ ಹೆಚ್ಚು. ಭೂಮಿ ತೂಗುವುದು ಬರೀ 9 ಸೆಂಟಿಮೀಟರ್. 1995ರಲ್ಲಿ ಮಿಶೆಲ್ ಮಯೋರ್ ಮತ್ತು ಡಿಡಿಯೆ ಕೆಲೋ ಸೂರ್ಯನಂಥ ನಕ್ಷತ್ರವೊಂದಕ್ಕೆ ಮೊತ್ತಮೊದಲ ಗ್ರಹವನ್ನು ಕಂಡುಹಿಡಿದದ್ದು ಈ ಹಾದಿಯಿಂದಲೇ. 51 ಪೆಗಾಸಿಯನ್ನು ನಾಲ್ಕೇ ದಿನಕ್ಕೊಮ್ಮೆ ಸುತ್ತುವ, ಗುರುವಿನ ಅರ್ಧದಷ್ಟು ತೂಕದ ಆ ಗ್ರಹ ಅವರಿಗೆ 2019ರಲ್ಲಿ ನೊಬೆಲ್ ತಂದುಕೊಟ್ಟಿತು.

2012ರಲ್ಲಿ ಬಿ ನಕ್ಷತ್ರದಲ್ಲಿ ಸಿಕ್ಕ ತೂಗಾಟ ಸೆಕೆಂಡಿಗೆ 51 ಸೆಂಟಿಮೀಟರ್, ಮಗು ತೆವಳುವ ವೇಗ. 3.24 ದಿನಕ್ಕೊಂದು ಸುತ್ತು. ನಕ್ಷತ್ರದ ಮೇಲ್ಮೈ ಸ್ವತಃ ಕುದಿಯುತ್ತಿರುತ್ತದೆ, ಕಲೆಗಳು ಹುಟ್ಟಿ ತಿರುಗುತ್ತವೆ. ಆ ಗದ್ದಲ ಇದಕ್ಕಿಂತ ಎಷ್ಟೋ ದೊಡ್ಡದು. ಅದನ್ನೆಲ್ಲ ಲೆಕ್ಕದಿಂದ ತೆಗೆದು ಉಳಿದದ್ದು ಗ್ರಹವೆಂದರು. 2015ರಲ್ಲಿ ಆಕ್ಸ್‌ಫರ್ಡಿನ ವಿನೇಶ್ ರಾಜ್‌ಪಾಲ್ ಮತ್ತು ಸಂಗಡಿಗರು ಬಹಳ ಸರಳವಾದ, ಬಹಳ ನಿರ್ದಯವಾದ ಪರೀಕ್ಷೆ ಮಾಡಿದರು. ಗ್ರಹವೇ ಇಲ್ಲದ ಕೃತಕ ನಕ್ಷತ್ರವೊಂದನ್ನು ಕಂಪ್ಯೂಟರಿನಲ್ಲಿ ಮಾಡಿ, ಅದನ್ನು ಹಳೆಯ ತಂಡ ಯಾವ ಯಾವ ರಾತ್ರಿ ನೋಡಿತ್ತೋ ಅದೇ ರಾತ್ರಿಗಳಲ್ಲಿ ನೋಡಿದಂತೆ ಲೆಕ್ಕ ಹಾಕಿದರು. ಅಲ್ಲೂ 3.24 ದಿನದ ಗ್ರಹ ಹುಟ್ಟಿಕೊಂಡಿತು. ವೀಕ್ಷಣೆಗಳ ನಡುವೆ ಬಿಟ್ಟುಹೋದ ರಾತ್ರಿಗಳೇ ಆ ಗ್ರಹವನ್ನು ಹೆತ್ತಿದ್ದವು. ಮೂರು ವರ್ಷ ಪಠ್ಯಗಳಲ್ಲಿ, ಭಾಷಣಗಳಲ್ಲಿ ಓಡಾಡಿದ ಲೋಕ ಹೀಗೆ ಇಲ್ಲವಾಯಿತು. ನನಗೆ ಇಡೀ ಪ್ರಕರಣದಲ್ಲಿ ಹಿಡಿಸಿದ್ದು, ಮೊದಲ ತಂಡ ತನ್ನ ಅಳತೆಗಳನ್ನು ಮುಚ್ಚಿಡದೆ ಎಲ್ಲರಿಗೂ ಸಿಗುವಂತೆ ಇಟ್ಟಿತ್ತು ಎಂಬುದು. ಅದಿಲ್ಲದಿದ್ದರೆ ಎರಡನೆಯವರಿಗೆ ಪರೀಕ್ಷಿಸಲು ಏನೂ ಇರುತ್ತಿರಲಿಲ್ಲ.

ಪ್ರಾಕ್ಸಿಮಾದ ಕಡೆಯೂ ಇಂಥವು ನಡೆದಿವೆ. 2019ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೊ ದೂರದರ್ಶಕ ಆ ದಿಕ್ಕಿನಿಂದ ವಿಚಿತ್ರ ಸಂಕೇತವೊಂದನ್ನು ಹಿಡಿಯಿತು; 2020ರ ಕೊನೆಗೆ ಸುದ್ದಿ ಹೊರಬಿದ್ದಾಗ ಅನ್ಯಲೋಕದವರ ಕರೆ ಎಂದು ಗುಲ್ಲೆದ್ದಿತು. ಮನುಷ್ಯರದೇ ಯಂತ್ರಗಳ ಅಡಚಣೆ ಎಂದು 2021ರಲ್ಲಿ ತೀರ್ಮಾನವಾಯಿತು. ಹಾಗೆಂದು ಎಲ್ಲವೂ ಸುಳ್ಳಾಗಲಿಲ್ಲ. 2016ರಲ್ಲಿ ಪ್ರಕಟವಾದ ಪ್ರಾಕ್ಸಿಮಾ ಬಿ (ಇದು ನಕ್ಷತ್ರ ಬಿ ಅಲ್ಲ, ಪ್ರಾಕ್ಸಿಮಾದ ಗ್ರಹಕ್ಕಿಟ್ಟ ಹೆಸರು), 11.2 ದಿನಕ್ಕೊಮ್ಮೆ ಸುತ್ತುವ, ಭೂಮಿಯ ತೂಕದ ಆಸುಪಾಸಿನ ಗ್ರಹ, ಬೇರೆ ಬೇರೆ ಉಪಕರಣಗಳ ಪರೀಕ್ಷೆಯಲ್ಲಿ ಗಟ್ಟಿಯಾಗಿ ನಿಂತಿದೆ. ಹಾಗಾಗಿ ಆಲ್ಫಾ ಸೆಂಟಾರಿ ಕುಟುಂಬದಲ್ಲಿ ಗ್ರಹವಿದೆಯೇ ಎಂದರೆ ಇದೆ, ಆದರೆ ಕಿರಿಯನ ಬಳಿ. ಸೂರ್ಯನಂಥ ಅಣ್ಣನ ಬಳಿ ಇದೆಯೇ ಎಂಬುದೇ ಈಗಿನ ಪ್ರಶ್ನೆ.

ಅಲ್ಲಿ ಗ್ರಹ ಇರಲು ಸಾಧ್ಯವೇ ಎಂಬುದೂ ಮುಗಿದ ವಿಷಯವೇನಲ್ಲ. 80 ವರ್ಷಕ್ಕೊಮ್ಮೆ ಶನಿಯ ದೂರಕ್ಕೆ ಇನ್ನೊಂದು ನಕ್ಷತ್ರ ನುಗ್ಗಿ ಬರುವ ಮನೆಯಲ್ಲಿ ಗುರು, ಯುರೇನಸ್‌ಗಳಂತೆ ದೂರದಲ್ಲಿ ಸುತ್ತುವ ಗ್ರಹಗಳಿಗೆ ಜಾಗವಿಲ್ಲ. ಬಿ ಅವುಗಳನ್ನು ಕಿತ್ತೆಸೆಯುತ್ತದೆ. ಎಯಿಂದ ಭೂಮಿ-ಸೂರ್ಯರ ದೂರದ ಮೂರರಷ್ಟರವರೆಗೆ ಮಾತ್ರ ಹಾದಿಗಳು ಕಾಲಾಂತರ ಉಳಿಯಬಲ್ಲವು ಎಂದು 1990ರ ದಶಕದ ಲೆಕ್ಕಾಚಾರಗಳೇ ತೋರಿಸಿದ್ದವು. ಎಸ್1 ಆ ಮಿತಿಯೊಳಗಿದೆ. ಉಳಿಯುವುದು ಒಂದು, ಹುಟ್ಟುವುದು ಇನ್ನೊಂದು. ಅನಿಲಗ್ರಹ ಹುಟ್ಟಬೇಕಾದರೆ ಮೊದಲು ದೂಳು, ಹಿಮದ ತುಣುಕುಗಳು ಮೆಲ್ಲಗೆ ತಾಗಿ ಅಂಟಿಕೊಂಡು ದೊಡ್ಡ ತಿರುಳಾಗಬೇಕು. ಬಿ ಪಕ್ಕದಲ್ಲಿದ್ದು ಕಲಕುತ್ತಿದ್ದರೆ ತುಣುಕುಗಳು ಅಂಟುವ ಬದಲು ಡಿಕ್ಕಿ ಹೊಡೆದು ಪುಡಿಯಾಗುತ್ತವೆ. ಹುಟ್ಟುವ ಕಾಲದ ಅನಿಲ ತಟ್ಟೆಯ ಅಂಚನ್ನೂ ಬಿ ಕತ್ತರಿಸಿಹಾಕಿರುತ್ತದೆ. ಇಂಥ ಕಡೆ ಶನಿಯಷ್ಟು ದೊಡ್ಡದೊಂದು ನಿಜಕ್ಕೂ ಸಿಕ್ಕಿದರೆ ಗ್ರಹಗಳು ಹುಟ್ಟುವ ಬಗ್ಗೆ ಪುಸ್ತಕಗಳಲ್ಲಿ ಬರೆದಿರುವುದರಲ್ಲಿ ಕೆಲವನ್ನು ತಿದ್ದಬೇಕಾಗುತ್ತದೆ. ಈ ಚುಕ್ಕಿಯ ಬೆಲೆ ಇಲ್ಲಿದೆ, ಜೀವಿಗಳ ಕಥೆಯಲ್ಲಲ್ಲ.

ಜೀವಿಗಳ ಕಥೆಯನ್ನು ಬೇಗ ಮುಗಿಸಿಬಿಡುತ್ತೇನೆ. ನೀರು ದ್ರವವಾಗಿ ಇರಬಹುದಾದ ವಲಯದಲ್ಲಿ ಅಥವಾ ಅದರ ಅಂಚಿನಲ್ಲಿ ಎಸ್1 ಓಡಾಡುತ್ತದೆ ಎಂಬುದು ನಿಜ. ಆದರೆ ಅದು ಅನಿಲದ ಉಂಡೆ, ಕಾಲಿಡಲು ನೆಲವಿಲ್ಲ. ಲೆಕ್ಕ ಹಾಕಿದ ತಾಪಮಾನ ಸೊನ್ನೆಗಿಂತ 50 ಡಿಗ್ರಿ ಸೆಲ್ಸಿಯಸ್‌ನಷ್ಟು ಕೆಳಗೆ. ದೊಡ್ಡ ಚಂದ್ರನಿದ್ದರೆ ಎಂಬ ಊಹೆ ಊಹೆಯಾಗಿಯೇ ಇರಲಿ. ಇಂಥ ಭಾರಿ ಗ್ರಹ ಉದ್ದನೆಯ ಹಾದಿಯಲ್ಲಿ ಆ ವಲಯವನ್ನು ಹಾದುಹೋಗುತ್ತಿದ್ದರೆ ಅಲ್ಲಿ ಭೂಮಿಯಂಥ ಪುಟ್ಟ ಗ್ರಹವೊಂದು ನೆಮ್ಮದಿಯಾಗಿ ಸುತ್ತುವ ಸಾಧ್ಯತೆ ಕಡಿಮೆಯಾಗುತ್ತದೆ. ಎಸ್1 ನಿಜವಾದರೆ ಹಸಿರು ಗುಡ್ಡಗಳ ಆಸೆಗೆ ಅದು ಕೆಟ್ಟ ಸುದ್ದಿ, ಒಳ್ಳೆಯದಲ್ಲ. ಅಲ್ಲಿನ ಆಕಾಶ ಮಾತ್ರ ನೋಡುವಂತಿರುತ್ತದೆ. ಬಿ ದೂರವಿದ್ದ ಕಾಲದಲ್ಲೂ ಅದರ ಬೆಳಕು ನೂರಕ್ಕೂ ಹೆಚ್ಚು ಹುಣ್ಣಿಮೆ ಚಂದ್ರರಿಗೆ ಸಮ, ಹತ್ತಿರ ಬಂದಾಗ ಸಾವಿರಕ್ಕೂ ಮೀರುತ್ತದೆ. ಮೂರನೇ ಸೂರ್ಯನಾದ ಪ್ರಾಕ್ಸಿಮಾ, ಅಷ್ಟೆಲ್ಲ ನೆಂಟಸ್ತಿಕೆಯಿದ್ದೂ, ಗುರುತು ಹೇಳಿಕೊಡದಿದ್ದರೆ ಯಾರೂ ಗಮನಿಸದ ಮಂಕು ಚುಕ್ಕಿ.

ನಾಲ್ಕು ಜ್ಯೋತಿರ್ವರ್ಷ ಎಂಬುದನ್ನು ನಾಲ್ಕು ವರ್ಷದ ಪ್ರಯಾಣವೆಂದು ತಿಳಿದವರು ಅನೇಕರು. ಚಳ್ಳಕೆರೆ ಬಳಿಯ ರನ್‌ವೇಯಲ್ಲಿ ಇಸ್ರೊದ ಪುಷ್ಪಕ್ 2024ರಲ್ಲಿ ಇಳಿದದ್ದನ್ನು ಓದಿದ ಜಿಲ್ಲೆಯಲ್ಲಿ ಈ ಉತ್ಸಾಹ ಸಹಜ. ಸೆಕೆಂಡಿಗೆ 17 ಕಿಲೋಮೀಟರ್ ಓಡುತ್ತಿರುವ ವಾಯೇಜರ್ 1 ಆ ಕಡೆ ಹೊರಟಿದ್ದರೂ ತಲುಪಲು 75 ಸಾವಿರ ವರ್ಷಕ್ಕೂ ಹೆಚ್ಚು ಬೇಕಿತ್ತು. ಬೆಳಕಿಗೆ ಮಾತ್ರ ನಾಲ್ಕು ವರ್ಷ ಚಿಲ್ಲರೆ. ವೆಬ್ 2024ರ ಆಗಸ್ಟ್‌ನಲ್ಲಿ ಹಿಡಿದ ಶಾಖದ ಕಿರಣಗಳು ಅಲ್ಲಿಂದ ಹೊರಟದ್ದು, ಇಲ್ಲಿ ಮೊದಲ ಲಾಕ್‌ಡೌನ್‌ಗೆ ಅಂಗಡಿಗಳ ಬಾಗಿಲು ಎಳೆದುಕೊಳ್ಳುತ್ತಿದ್ದ ದಿನಗಳಲ್ಲಿ.

ಇನ್ನು ಮುಂದೆ ಏನಾದರೆ ಎಸ್1 ಗ್ರಹವಾಗುತ್ತದೆ? ಹಾದಿಯ ಲೆಕ್ಕ ಹೇಳಿದ ಜಾಗದಲ್ಲಿ, ಹೇಳಿದ ಹೊತ್ತಿಗೆ, ಅಷ್ಟೇ ಪ್ರಕಾಶದ ಚುಕ್ಕಿ ಇನ್ನೊಮ್ಮೆ ಕಾಣಬೇಕು. ಸಾಧ್ಯವಾದರೆ ಬೇರೊಂದು ಉಪಕರಣಕ್ಕೂ ಕಾಣಬೇಕು. ಅದು ಗುರುವಿನಷ್ಟು ಭಾರವಿದ್ದಿದ್ದರೆ ಇಷ್ಟು ಹೊತ್ತಿಗೆ ಎ ನಕ್ಷತ್ರದ ತೂಗಾಟದಲ್ಲಿ ಸಿಕ್ಕಿಬೀಳುತ್ತಿತ್ತು. ಸಿಕ್ಕಿಲ್ಲವಾದ್ದರಿಂದ ಫೋಟೊವೇ ಗತಿ. ನಾಸಾದ ರೋಮನ್ ದೂರದರ್ಶಕದಲ್ಲಿ ನಕ್ಷತ್ರದ ಬೆಳಕನ್ನು ಇನ್ನಷ್ಟು ಚೆನ್ನಾಗಿ ಅಡಗಿಸುವ ಪ್ರಾಯೋಗಿಕ ಉಪಕರಣವಿದೆ. ಚಿಲಿಯ ಅಟಕಾಮಾದಲ್ಲಿ ಎದ್ದು ನಿಲ್ಲುತ್ತಿರುವ 39 ಮೀಟರ್ ಕನ್ನಡಿಯ ಇಎಲ್‌ಟಿ ದೂರದರ್ಶಕಕ್ಕೆ ಈ ನಕ್ಷತ್ರ ಆಕಾಶದಲ್ಲಿ ಸಾಕಷ್ಟು ಎತ್ತರಕ್ಕೇ ಬರುತ್ತದೆ. ಸಿಡ್ನಿ ವಿಶ್ವವಿದ್ಯಾಲಯದ ಮುಂದಾಳತ್ವದ ಟೋಲಿಮನ್ ಎಂಬ ಪುಟ್ಟ ಬಾಹ್ಯಾಕಾಶ ದೂರದರ್ಶಕವನ್ನಂತೂ ಎ ಮತ್ತು ಬಿಗಳ ನಡುವಿನ ಅಂತರ ನಡುಗುವುದನ್ನು ಅಳೆಯಲೆಂದೇ ರೂಪಿಸಲಾಗಿದೆ. ಅಲ್ಲಿ ಬಿ ಅಡ್ಡಿಯಲ್ಲ, ಅಳತೆಗೋಲು.

ಆದರೆ ಗಡುವೊಂದಿದೆ. ನಮ್ಮ ಕಣ್ಣಿಗೆ ಎ ಮತ್ತು ಬಿ ನಡುವಿನ ಅಂತರ ಈ ದಶಕದ ಕೊನೆಯವರೆಗೆ ಹಿಗ್ಗುತ್ತದೆ, ಆಮೇಲೆ ಕುಗ್ಗತೊಡಗುತ್ತದೆ. 2035ರತ್ತ ಹೋದಂತೆ ಬಿ ಹತ್ತಿರ ಹತ್ತಿರ ಬಂದು ಎ ಸುತ್ತಲಿನ ಜಾಗವನ್ನು ತನ್ನ ಬೆಳಕಿನಲ್ಲಿ ಮುಳುಗಿಸುತ್ತದೆ. ಇಎಲ್‌ಟಿ ಕಣ್ಣು ತೆರೆಯಬೇಕಿರುವುದೂ ಈ ದಶಕ ಮುಗಿಯುವ ಹೊತ್ತಿಗೇ. ಅಲ್ಲಿಯವರೆಗೆ ಬಿಯ ಕಾಟ ತೀರಾ ಕಡಿಮೆ ಇರುವ ಈ ಕೆಲವು ವರ್ಷಗಳಲ್ಲಿ ವೆಬ್‌ಗೆ ಇನ್ನೆಷ್ಟು ಸಲ ಆ ಕಡೆ ತಿರುಗಲು ಸಮಯ ಕೊಡುತ್ತಾರೆ ಎಂಬುದರ ಮೇಲೆ ಎಸ್1ರ ಭವಿಷ್ಯ ನಿಂತಿದೆ.